ನಾನು ಗರುಗ ಬೆಳೆಸಿದ್ದು

ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಹಿಂದೆ ಕೈ ತೊಳೆಯುವ ನಲ್ಲಿಯೊಂದಿದೆ. ಅದು ಸೋರುತ್ತದೆ. ನಾನು ಕೆಲಸಕ್ಕೆ ಸೇರಿದಾಗಿನಿಂದಲೂ ಸೋರುತ್ತಿದೆ. ಹೊಸ ವಾಷರ್ ಹಾಕಿಸಿದ ಮರುವಾರ ಇನ್ನಷ್ಟು ಉತ್ಸಾಹದಿಂದ ಸೋರುತ್ತದೆ. ಆ ನೀರು ನಿಲ್ಲುವ ಕಡೆ ಸಿಮೆಂಟು ಬಿರುಕು ಬಿಟ್ಟು, ಬಿರುಕಿನಲ್ಲಿ ಗರುಗ ಹುಟ್ಟಿಕೊಂಡಿದೆ. ಅಟೆಂಡರ್ ತಿಂಗಳಿಗೊಮ್ಮೆ ಕಿತ್ತೆಸೆಯುತ್ತಾರೆ. ಅದು ಏನೂ ಆಗಿಲ್ಲವೆಂಬಂತೆ ಮತ್ತೆ ಬರುತ್ತದೆ. ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಹೋದಾಗ ನಾನು ಅದರ ಕಡೆ ನೋಡದೆ ತೊಳೆದುಕೊಂಡು ಬರುತ್ತೇನೆ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿರುವವಳಿಗೆ ಒಂದು ಗಿಡದ ಮುಂದೆ ಮುಖ ತೋರಿಸಲಾಗದ ಸ್ಥಿತಿ ಹೇಗೆ ಬಂತು ಎಂದು ಹೇಳಬೇಕಾಗಿದೆ. ಹೇಳದಿದ್ದರೂ ನಡೆಯುತ್ತದೆ. ಆದರೆ ಹೇಳದೆ ಇದ್ದು ನೋಡಿದ್ದಾಯಿತು.

ಗರುಗ ನಿಮಗೆ ಗೊತ್ತಿರುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ತುಳಿದಿರುತ್ತೀರಿ. ಗದ್ದೆಯ ಬದು, ನಾಲೆಯ ಅಂಚು, ಬಚ್ಚಲ ನೀರು ಹರಿದುಹೋಗುವ ಜಾಗ, ಎಲ್ಲಿ ಒಂದಿಷ್ಟು ತೇವ ಇದೆಯೋ ಅಲ್ಲೆಲ್ಲ ಇರುತ್ತದೆ. ಮೊಣಕಾಲಿಗೂ ಬಾರದ ಗಿಡ. ಒರಟು ಎಲೆ, ಕೆಂಪು ಛಾಯೆಯ ಕಾಂಡ, ಅಂಗಿಯ ಗುಂಡಿಯಷ್ಟೇ ಬಿಳಿ ಹೂವು. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು ಅಂದರೆ ಯಾರೂ ನಂಬುವುದಿಲ್ಲ. ಶ್ರೀಮಂತ ನೆಂಟರಿರುವ ಬಡವರನ್ನು ನಂಬದಿರುವ ಹಾಗೆ. ತಲೆಗೆಣ್ಣೆಯ ಬಾಟಲಿಯ ಮೇಲೆ ಭೃಂಗರಾಜ ಎಂದು ಬರೆದಾಗ ಮಾತ್ರ ಅದಕ್ಕೆ ಮರ್ಯಾದೆ. ಇನ್ನೊಂದು ಗುಣ ಇದೆ: ಎಲೆ ಚಿವುಟಿ ಹಿಸುಕಿದರೆ ರಸ ಗಳಿಗೆಯಲ್ಲಿ ಬೆರಳನ್ನು ಕಪ್ಪು ಮಾಡುತ್ತದೆ. ಸೋಪಿಗೆ ಬೇಗ ಹೋಗುವುದಿಲ್ಲ.

ಈ ಗುಣದಿಂದಲೇ ನಮ್ಮ ಮನೆ ನಡೆಯುತ್ತಿತ್ತು. ನನ್ನ ಅಕ್ಕ ಗಿರಿಜೆ ನನಗಿಂತ ಎಂಟು ವರ್ಷ ದೊಡ್ಡವಳು. ನಾವು ಹುಟ್ಟಿ ಬೆಳೆದ ಭದ್ರಾವತಿಯ ಓಲ್ಡ್ ಟೌನಿನ ಅದೇ ಕೇರಿಯಲ್ಲಿ ಈಗಲೂ ಇದ್ದಾಳೆ. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆಯ ಕೂಲಿ, ಹೆಬ್ಬೆಟ್ಟು. ಅಮ್ಮ ತೀರಿಕೊಂಡಾಗ ನಾನು ಇನ್ನೂ ಅಂಗನವಾಡಿಯಲ್ಲಿದ್ದೆ. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು ಎಂದು ನಾನು ಎಲ್ಲರ ಹತ್ತಿರ ಹೇಳುತ್ತೇನೆ. ಬಿಟ್ಟದ್ದಲ್ಲ. ನನ್ನನ್ನು ನೋಡಿಕೊಳ್ಳಲಿ ಎಂದು ಬಿಡಿಸಿದರು. ಆಮೇಲೆ ಅವಳು ಪಕ್ಕದ ಮನೆಯ ಅಜ್ಜಿಯೊಬ್ಬರ ಹಿಂದೆ ಓಡಾಡಿ, ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ಕಲಿತಳು. ಅದಕ್ಕೆ ಬೇಕಾದ ಎಣ್ಣೆಯನ್ನೂ ಕಾಡಿಗೆಯನ್ನೂ ತಾನೇ ಮಾಡುತ್ತಿದ್ದಳು.

ಕಾಡಿಗೆ ಮಾಡುವುದನ್ನು ನೀವು ನೋಡಬೇಕು. ಬಿಳಿ ಪಂಚೆಯ ತುಂಡನ್ನು ಗರುಗದ ರಸದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮತ್ತೆ ಅದ್ದಿ, ಮತ್ತೆ ಒಣಗಿಸಿ, ಕೊನೆಗೆ ಬತ್ತಿ ಹೊಸೆದು ಹರಳೆಣ್ಣೆಯ ಹಣತೆಯಲ್ಲಿ ಉರಿಸಬೇಕು. ಮೇಲೆ ಕಂಚಿನ ತಟ್ಟೆ ಬೋರಲು. ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿದರೆ ಕಾಡಿಗೆ. ಬತ್ತಿ ಉರಿಯುವಷ್ಟು ಹೊತ್ತೂ ಅಕ್ಕ ಮಾತಾಡುತ್ತಿರಲಿಲ್ಲ. ನಾನು ಮಾತಾಡಿದರೆ, "ಉಸಿರು ಬಿಡಬೇಡ್ವೇ, ಮಸಿ ಹಾರತ್ತೆ" ಅನ್ನುತ್ತಿದ್ದಳು. ಉಸಿರು ಬಿಡದೆ ಎಷ್ಟು ಹೊತ್ತು ಇರಬಹುದು ಎಂಬುದು ನನ್ನ ಮೊದಲ ವಿಜ್ಞಾನ ಪ್ರಯೋಗ.

ಶಾಲೆಗೂ ಗರುಗಕ್ಕೂ ನಂಟಿತ್ತು. ನಮ್ಮ ಶಾಲೆಯ ಬೋರ್ಡು ಮರದ್ದು. ಬೆಳ್ಳಗಾದಾಗ ಶನಿವಾರ ಮಕ್ಕಳೇ ಇದ್ದಿಲು ಕುಟ್ಟಿ, ಗರುಗದ ಸೊಪ್ಪು ಅರೆದು ಸೇರಿಸಿ ಬಳಿಯಬೇಕಿತ್ತು. ನನ್ನ ಸರದಿ ಬಂದಾಗ ನಾನು ಹೋಗುತ್ತಿರಲಿಲ್ಲ, ಅಕ್ಕ ಬರುತ್ತಿದ್ದಳು. ಲಂಗ ಎತ್ತಿ ಸಿಕ್ಕಿಸಿ, ಮೊಣಕೈವರೆಗೆ ಕಪ್ಪಾಗಿ, ಇಡೀ ಬೋರ್ಡನ್ನು ಒಂದು ಗೆರೆ ಬಿಡದಂತೆ ತಿಕ್ಕುತ್ತಿದ್ದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ಒಣಗುವುದನ್ನು ನೋಡುವಳು. ಮೇಷ್ಟ್ರು ಒಳಗೆ ಬಂದ ಕೂಡಲೇ ಹೊರಟುಹೋಗುವಳು. ಅವಳೂ ಆ ಶಾಲೆಯಲ್ಲಿ ಓದಿದವಳು ಎಂಬುದು ನನಗೆ ಆಗ ಹೊಳೆದೇ ಇರಲಿಲ್ಲ.

ಅಂತೂ ನಾನು ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಅಂತ ಬಂದದ್ದು ನನ್ನಿಂದ. ಈ ಸಂಗತಿಯನ್ನು ನಾನು ಲೋಕಕ್ಕೆ ಮರೆಯಲು ಬಿಟ್ಟಿಲ್ಲ. ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದಾಗ ಗೇಟಿನ ಕಂಬಕ್ಕೆ ಕೂರಿಸಿದ ಕಲ್ಲಿನಲ್ಲಿ ನನ್ನ ಹೆಸರಿನ ಮುಂದೆ ಎಂ.ಎಸ್ಸಿ., ಬಿ.ಎಡ್. ಎಂದು ಕೆತ್ತಿಸಿದೆ. "ಇದೇನು ನರ್ಸಿಂಗ್ ಹೋಮಾ?" ಎಂದರು ನನ್ನ ಗಂಡ. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಓದಿದವರು. ಅವರಿಗೆ ಹೇಳಿ ಪ್ರಯೋಜನವಿಲ್ಲ. ಆದರೆ ನನಗಿಂತ ಹೆಚ್ಚು ಮೆರೆಸಿದವಳು ಅಕ್ಕ. ಬಾಡಿಗೆ ಗೌನು ತೊಟ್ಟು ನಾನು ತೆಗೆಸಿಕೊಂಡ ಫೋಟೋವನ್ನು ಅವಳು ತನ್ನ ಮನೆಯ ಹಜಾರದಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ನೇತುಹಾಕಿದ್ದಳು. ಯಾರು ಬಂದರೂ ಅದೇ ಮಾತು: "ನನ್ನ ತಂಗಿ. ಅವಳಿಗೆ ಗೊತ್ತಿಲ್ದೇ ಇರೋ ಗಿಡ ಇಲ್ಲ."

ಎಡವಟ್ಟು ಶುರುವಾದದ್ದು ಇಲ್ಲಿಂದಲೇ.

ಅಕ್ಕನ ಕೇರಿಯ ಮಹಿಳಾ ಸಂಘದವರಿಗೆ ಸಮುದಾಯ ಭವನದ ಹಿಂದೆ ಖಾಲಿ ಬಿದ್ದಿದ್ದ ಜಾಗ ಸಿಕ್ಕಿತು. ಶಿವಮೊಗ್ಗದಲ್ಲಿ ತಲೆಗೆಣ್ಣೆ ತಯಾರಿಸುವವರೊಬ್ಬರು, ಒಣಗಿಸಿದ ಗರುಗ ಚೆನ್ನಾಗಿದ್ದರೆ ಕೊಂಡುಕೊಳ್ಳುತ್ತೇವೆ ಎಂದಿದ್ದರಂತೆ. ಈ ಸುದ್ದಿ ತಂದವಳೂ, ನಾವೇ ಬೆಳೆಯೋಣ ಎಂದವಳೂ ಅಕ್ಕ. ಸಂಘದ ಅಧ್ಯಕ್ಷೆ ಲಲಿತಮ್ಮ ತುಂಬ ಯೋಚಿಸಿ, ಜಾಗದ ಗೇಟಿನ ಬೀಗದ ಕೈಯನ್ನು ಅಕ್ಕನಿಗೇ ಕೊಟ್ಟರು. ಐವತ್ತಾರು ವರ್ಷದ ಅಕ್ಕನ ಕೈಗೆ ನಾಲ್ಕು ಜನ ಸೇರಿ ಒಂದು ಜವಾಬ್ದಾರಿ ಕೊಟ್ಟದ್ದು ಅದೇ ಮೊದಲು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡಿದಳು. ಬಿತ್ತನೆಯ ದಿನ ಗೊತ್ತಾದಾಗ ತಾನೇ ಹೇಳಿದಳು: "ನನ್ನ ತಂಗೀನ ಕರೆಸ್ತೀನಿ. ಶಾಸ್ತ್ರೋಕ್ತವಾಗಿ ಆಗ್ಲಿ."

ಭಾನುವಾರ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಚೀಲದಲ್ಲಿ ಅಳತೆ ಟೇಪು, ನೂಲಿನುಂಡೆ, ನಾನೇ ಬರೆದ ಚಾರ್ಟು. ಹನ್ನೆರಡು ಹೆಂಗಸರು ಕಾಯುತ್ತಿದ್ದರು. ನಾನು ಬಂದದ್ದು ನೋಡಿ ಕೂತಿದ್ದವರು ಎದ್ದರು. ಅವರಲ್ಲಿ ಇಬ್ಬರು ನನ್ನ ಜೊತೆ ಕುಂಟೆಬಿಲ್ಲೆ ಆಡಿದವರು. ಅವರೂ ಎದ್ದರು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ.

ಅಕ್ಕ ಆಗಲೇ ತನ್ನದೊಂದು ಏರ್ಪಾಡು ಮಾಡಿದ್ದಳು. ನಲ್ಲಿಯ ಪಕ್ಕ ನೆಲವನ್ನು ಕೆಸರು ಮಾಡಿ ನುಣ್ಣಗೆ ಸವರಿದ್ದಳು. ಮೊರದಲ್ಲಿ, ನಾಲೆಯ ಅಂಚಿನಿಂದ ತಿಂಗಳುಗಟ್ಟಲೆ ಆರಿಸಿ ತಂದು, ಒಣಗಿಸಿ ಉಜ್ಜಿ ಕೇರಿದ ಬೀಜ. ಎಳ್ಳಿಗಿಂತ ಸಣ್ಣದು, ಕಪ್ಪು.

ನಾನು ಆ ಕೆಸರು ನೋಡಿ ಮೂಗು ಮುರಿದೆ. ಚಾರ್ಟು ಬಿಡಿಸಿದೆ. ಎತ್ತರದ ಪಾತಿ ಮಾಡಬೇಕು, ನೀರು ನಿಲ್ಲಬಾರದು, ನೂಲು ಹಿಡಿದು ಸಾಲು ಎಳೆಯಬೇಕು, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಬೀಜ ಹಾಕಿ ಮಣ್ಣು ಮುಚ್ಚಬೇಕು, ಮೇಲೆ ಹುಲ್ಲು ಹಾಸಬೇಕು. ಹೇಳುತ್ತ ಹೇಳುತ್ತ ನನ್ನ ದನಿ ಕ್ಲಾಸಿನ ದನಿ ಆಯಿತು. ಸೆಲ್ವಿ ಎಂಬಾಕೆ ಕೈಯೆತ್ತಿದಳು. ಮನೆಯಲ್ಲಿ ತಮಿಳು ಆಡುವ ಹುಡುಗಿ, ಶಿವಮೊಗ್ಗದ ಬಟ್ಟೆ ಅಂಗಡಿಯೊಂದಕ್ಕೆ ದಿನವೂ ಕೆಲಸಕ್ಕೆ ಬರುತ್ತಾಳೆ.

"ಮೇಡಂ, ನಮ್ಮಮ್ಮ ಇದ್ರ ಪಲ್ಯ ಮಾಡ್ತಾರೆ. ಕರಿಸಲಾಂಕಣ್ಣಿ ಅಂತೀವಿ. ಕೀಳೋದು ಗೊತ್ತು, ಬಿತ್ತೋದು ಇವತ್ತೇ ಕೇಳ್ತಿರೋದು."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕ ಧೈರ್ಯದಲ್ಲಿ ಮೆಲ್ಲಗೆ ಅಂದಳು: "ಮಣ್ಣು ಮುಚ್ಚೋದು ಬೇಡ್ವೇನೋ ಕಣೆ. ಅದು ತಾನಾಗೇ ಉದುರಿ ಮೇಲ್ಮೇಲೇ ಹುಟ್ಟೋ ಅಂಥದ್ದು. ಕೆಸ್ರಿನ ಮೇಲೆ ಚೆಲ್ಲಿ ಅಂಗೈಲಿ ಒತ್ತಿದ್ರೆ ಸಾಕು."

ಆಗ ನಾನು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ. "ಅಕ್ಕ, ಇದು ಚರಂಡಿ ಪಕ್ಕದ ಗರುಗ ಅಲ್ಲ. ಇದು ಕೃಷಿ."

ಅಕ್ಕ "ಹಂಗಾ" ಎಂದಳು. ಹನ್ನೆರಡು ಜನರ ಎದುರು. ಆಮೇಲೆ ಎಲ್ಲರಿಗಿಂತ ಮುಂದೆ ಕೂತು ನಾನು ಎಳೆದ ಸಾಲಿನಲ್ಲಿ ಗೆಣ್ಣು ಅಳೆದು ಅಳೆದು ಬೀಜ ಹಾಕಿ ಮುಚ್ಚಿದಳು.

ಒಂದು ಗುಟ್ಟು ಹೇಳಬೇಕು. ನಾನು ಜನ್ಮದಲ್ಲಿ ನೆಲಕ್ಕೆ ಒಂದು ಬೀಜ ಹಾಕಿದವಳಲ್ಲ. ನಾನು ಮೊಳೆಸಿದ್ದೆಲ್ಲ ಗಾಜಿನ ಲೋಟದ ಹತ್ತಿಯಲ್ಲಿ ಅವರೆಕಾಳು. ಬೆರಳ ಗೆಣ್ಣಿನ ಆಳ ಎಂಬುದು ಅವರೆಯ ಲೆಕ್ಕ. ಎಳ್ಳಿಗಿಂತ ಸಣ್ಣ ಬೀಜಕ್ಕೆ ಅದು ಸಲ್ಲುತ್ತದೆಯೇ ಎಂದು ಒಂದು ಪುಸ್ತಕ ತೆರೆದು ನೋಡಬಹುದಿತ್ತು. ಗರುಗದ ಬಗ್ಗೆ ನಾನು ಏನು ಓದುವುದು, ಅದು ನಮ್ಮ ಮನೆಯ ಗಿಡ ಎಂದುಕೊಂಡೆ. ನಮ್ಮ ಮನೆಯ ಗಿಡವಾದರೆ ಅಕ್ಕನ ಮಾತು ಕೇಳಬೇಕಿತ್ತು. ಅದನ್ನೂ ಮಾಡಲಿಲ್ಲ.

ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಲಲಿತಮ್ಮ ಫೋನು ಮಾಡಿದರು. "ಮೇಡಂ, ಪಾತೀಲಿ ಒಂದೇ ಒಂದು ಹಸಿರು ಕಾಣ್ತಿಲ್ಲ. ನೀರು ದಿನಾ ಹಾಕ್ತಿದೀವಿ." ಹೋದೆ. ಪಾತಿಗಳು ಚೆನ್ನಾಗಿದ್ದವು. ನೂಲಿನಷ್ಟು ನೇರ, ನುಣುಪು, ಬೋಳು. ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು. ಬಗ್ಗಿ ಮಣ್ಣು ಮುಟ್ಟಿದೆ, ಮೂಸಿದೆ. ಏನಾದರೂ ಹೇಳಲೇಬೇಕಿತ್ತು.

"ಬೀಜ ಯಾರು ಕೊಟ್ಟಿದ್ದು?" ಎಂದೆ.

ಅಷ್ಟೇ ನಾನು ಅಂದದ್ದು. ಸುಳ್ಳು ಹೇಳಲಿಲ್ಲ, ಯಾರನ್ನೂ ದೂರಲಿಲ್ಲ. ಒಂದು ಪ್ರಶ್ನೆ ಕೇಳಿದೆ. ಹನ್ನೆರಡು ತಲೆಗಳು ಒಟ್ಟಿಗೆ ಅಕ್ಕನ ಕಡೆ ತಿರುಗಿದವು.

"ನಂದೇ" ಎಂದಳು ಅಕ್ಕ.

"ಹಳೇದಿರಬೇಕು" ಎಂದಳು ಒಬ್ಬಳು. "ಒಣಗಿಸೋವಾಗ ಬಿಸ್ಲು ಜಾಸ್ತಿ ಆಗಿರತ್ತೆ" ಎಂದಳು ಇನ್ನೊಬ್ಬಳು. ಲಲಿತಮ್ಮ, "ಗಿರಿಜಕ್ಕ, ಬೀಗದ ಕೈ ಸದ್ಯಕ್ಕೆ ನನ್ನ ಹತ್ರ ಇರ್ಲಿ" ಎಂದರು. ಅಕ್ಕ ಸೆರಗಿನ ಗಂಟು ಬಿಚ್ಚಲು ನೋಡಿದಳು. ಬಿಗಿಯಾಗಿ ಹಾಕಿದ್ದಳು, ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿ ಕೊಟ್ಟಳು. ನಾನು ಚಾರ್ಟು ಸುತ್ತುತ್ತ ನಿಂತಿದ್ದೆ.

ಹೊರಡುವಾಗ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಬಿತ್ತನೆಯ ದಿನ ಅಕ್ಕ ಖಾಲಿ ಮೊರವನ್ನು ಕೊಡವಿದ್ದು ಅಲ್ಲೇ, ಅವಳು ಸವರಿದ್ದ ಕೆಸರಿನ ಮೇಲೆ. ಅಲ್ಲಿ ಒಂದು ಮೊರದಗಲ ನೆಲ ಹಸಿರಾಗಿತ್ತು. ಒತ್ತೊತ್ತಾಗಿ ಪುಟ್ಟ ಸಸಿಗಳು, ಎದುರುಬದುರು ಎಲೆ, ಕೆಂಪು ಕಾಂಡ. ಒಂದನ್ನು ಚಿವುಟಿ ಹಿಸುಕಿದೆ. ಬೆರಳು ಕಪ್ಪಾಯಿತು.

ನಾನು ತಿರುಗಿ ನೋಡಿದೆ. ಹೆಂಗಸರು ಗೇಟಿನ ಹತ್ತಿರ ಅಕ್ಕನ ಸುತ್ತ ನಿಂತಿದ್ದರು. ಕರೆದು ತೋರಿಸಲು ಹತ್ತು ಹೆಜ್ಜೆಯೂ ಇರಲಿಲ್ಲ. ಬೆರಳು ತೊಳೆದುಕೊಂಡೆ. ಹೋಗಲಿಲ್ಲ. ಬಸ್ಸಿನಲ್ಲಿ ಶಿವಮೊಗ್ಗದವರೆಗೂ ಆ ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಕೂತಿದ್ದೆ. ಕಂಡಕ್ಟರ್ ಚಿಲ್ಲರೆ ಕೊಟ್ಟಾಗ ಎಡಗೈ ಚಾಚಿದೆ.

ಮನೆಗೆ ಬಂದು ಪುಸ್ತಕ ತೆಗೆದೆ. ಬಹಳ ಹುಡುಕಬೇಕಾಗಲಿಲ್ಲ. ಕೆಲವು ಬೀಜಗಳಿಗೆ ಮೊಳೆಯಲು ಬೆಳಕು ಬೇಕು; ಮಣ್ಣು ಮುಚ್ಚಿದರೆ ಏಳುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಉದಾಹರಣೆಗೆ ಲೆಟ್ಯೂಸ್ ಎಂಬ ಸೊಪ್ಪನ್ನು ಹೇಳಿ, ಪರೀಕ್ಷೆಗೆ ಬರಬಹುದು, ಅಡಿಗೆರೆ ಹಾಕಿಕೊಳ್ಳಿ ಎನ್ನುತ್ತೇನೆ. ಆ ಲೆಟ್ಯೂಸ್ ಕೂಡ ಸೇವಂತಿಗೆಯ ಕುಟುಂಬದ್ದೇ, ಗರುಗದ ದಾಯಾದಿ. ನಾನು ಎಂದೂ ತಿನ್ನದ, ಶಿವಮೊಗ್ಗದ ಸಂತೆಯಲ್ಲಿ ಕಾಣದ ಸೊಪ್ಪಿನ ಗುಣ ನನಗೆ ಬಾಯಿಪಾಠ ಇತ್ತು. ನನ್ನ ತಲೆಗೆ ಹದಿನೆಂಟು ವರ್ಷ ತಿಕ್ಕಿದ ಸೊಪ್ಪಿನದು ಗೊತ್ತಿರಲಿಲ್ಲ.

ಗೊತ್ತಾದ ಮೇಲಾದರೂ ಹೇಳಿದೆನೇ? ಇಲ್ಲ. ನಾಳೆ ಫೋನು ಮಾಡೋಣ, ಪರೀಕ್ಷೆ ಪೇಪರು ಮುಗಿಯಲಿ, ಮುಖತಃ ಹೇಳುವುದೇ ಸರಿ, ಹೀಗೆ ದಿನ ದೂಡಿದೆ. ಅಕ್ಕನೇ ಎರಡು ಸಲ ಫೋನು ಮಾಡಿದಳು. ಆ ವಿಷಯ ಅವಳೂ ಎತ್ತಲಿಲ್ಲ. ಮೊಣಕಾಲು ನೋವು, ಪಕ್ಕದ ಮನೆಯ ಜಗಳ, ನನ್ನ ಬಿ.ಪಿ. ಮಾತ್ರೆ.

ಒಂದು ಸಂಜೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಸೆಲ್ವಿ ಸಿಕ್ಕಳು. ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದಳು. ಕ್ಷೇಮ ಸಮಾಚಾರ ಆದ ಮೇಲೆ ತಾನಾಗಿಯೇ ಹೇಳಿದಳು.

"ಗಿರಿಜಕ್ಕನ್ನ ಈಗ ಯಾರೂ ಜಾಸ್ತಿ ಕರೆಯಲ್ಲ ಮೇಡಂ. ಲಲಿತಮ್ಮನ ಮಗಳಿಗೆ ಹೆರಿಗೆ ಆಯ್ತಲ್ಲ. ಮುಂಚೆ ಗಿರಿಜಕ್ಕನೇ ನೀರು ಹಾಕ್ಬೇಕು ಅಂತ ಮಾತಾಗಿತ್ತು. ಈಗ ಬೇರೆಯವರನ್ನ ಇಟ್ಕೊಂಡಿದಾರೆ."

"ಯಾಕೆ?"

"ಬೀಜ ಸತ್ತಿದ್ದೇ ಗೊತ್ತಾಗ್ಲಿಲ್ಲ ಅಂದ್ಮೇಲೆ, ಎಣ್ಣೆಗೆ ಏನ್ ಹಾಕ್ತಾಳೋ, ಎಳೇ ಮಗು ಅಂತ. ತಂಗಿ ಮೇಡಮ್ಮೇ ಬಂದು ಬೀಜ ಯಾರ್ದು ಅಂತ ಕೇಳಿದ್ರಲ್ಲ, ಅವ್ರಿಗೇ ಡೌಟ್ ಬಂದಿದೆ ಅಂದ್ಮೇಲೆ ಅಂತ ಮಾತಾಡ್ಕೊಂಡ್ರು." ಬಸ್ಸು ಬಂತು. ಸೆಲ್ವಿ ಹತ್ತಿ, ಕಿಟಕಿಯಿಂದ ಬಗ್ಗಿ, "ನಾನ್ ಹೇಳ್ದೆ ಅಂತ ಹೇಳ್ಬೇಡಿ ಮೇಡಂ" ಎಂದಳು.

ನಲವತ್ತು ವರ್ಷ ಅಕ್ಕ ಆ ಕೇರಿಯ ಕೂಸುಗಳಿಗೆ ನೀರು ಹಾಕಿದ್ದಾಳೆ. ಲಲಿತಮ್ಮನ ಮಗಳು ಕೂಸಾಗಿದ್ದಾಗ ಅವಳಿಗೂ ಹಾಕಿದ್ದಾಳೆ. ಆ ಹೆಸರು ಹೋಗಲು ನನ್ನ ಒಂದು ಸಾಲಿನ ಪ್ರಶ್ನೆ ಸಾಕಾಯಿತು.

ಬಂದ ಭಾನುವಾರ ಸಂಘದ ಸಭೆಗೆ ಹೋದೆ. ಅಕ್ಕ ಹಿಂದೆ ಗೋಡೆಗೊರಗಿ ಕೂತಿದ್ದಳು. ನಾನು ನಿಂತುಕೊಂಡು ನೇರವಾಗಿ ಹೇಳಿದೆ: ಬೀಜ ಚೆನ್ನಾಗಿಯೇ ಇತ್ತು, ಮಣ್ಣು ಮುಚ್ಚಿಸಿದ್ದು ನನ್ನ ತಪ್ಪು, ಅಕ್ಕ ಹೇಳಿದ್ದೇ ಸರಿ, ನಲ್ಲಿಯ ಹತ್ತಿರ ಅದೇ ಬೀಜ ಹುಟ್ಟಿತ್ತು, ಅದನ್ನು ನೋಡಿಯೂ ನಾನು ಹೇಳದೆ ಹೋದೆ. ಇಷ್ಟು ಕಷ್ಟಪಟ್ಟು ಹೇಳಿದ್ದಕ್ಕೆ ಒಂದಿಷ್ಟು ಬೈಗುಳವಾದರೂ ಸಿಕ್ಕೀತು ಎಂದು ಕಾದೆ.

ಲಲಿತಮ್ಮ ಎಲ್ಲರ ಕಡೆ ತಿರುಗಿ ಹೇಳಿದರು: "ನೋಡಿ, ಓದಿದವರ ಗುಣ ಅಂದ್ರೆ ಇದು. ಅಕ್ಕನ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ತಿದಾರೆ."

ಯಾರೋ ಚಪ್ಪಾಳೆ ತಟ್ಟಿದರು. ನಾನು "ಅಲ್ಲ, ನಿಜವಾಗ್ಲೂ" ಎಂದೆ. "ಇರ್ಲಿ ಬಿಡಿ ಮೇಡಂ, ನಮಗೆ ಅರ್ಥ ಆಗತ್ತೆ" ಎಂದರು ಲಲಿತಮ್ಮ. "ನಲ್ಲಿ ಹತ್ರ ಹುಟ್ಟಿದ್ದನ್ನ ನೋಡಿ" ಎಂದೆ. ಅದನ್ನು ಕಳೆ ಎಂದು ಯಾವಾಗಲೋ ಕಿತ್ತು ಸ್ವಚ್ಛ ಮಾಡಿದ್ದರಂತೆ. ಸಹಾಯಕ್ಕೆಂದು ಅಕ್ಕನ ಮುಖ ನೋಡಿದೆ. ಅಕ್ಕ ಎದ್ದು ನಿಂತಳು.

"ಅವಳು ಸಣ್ಣೋಳಿದ್ದಾಗಿಂದ ಹಂಗೇ ಕಣ್ರೀ. ನನ್ನ ಬೈದ್ರೆ ತಡ್ಕೊಳಲ್ಲ. ಬೀಜ ಹಳೇದಿತ್ತು, ನನಗೇ ಗೊತ್ತಿತ್ತು" ಎಂದಳು.

ಅಪ್ಪಟ ಸುಳ್ಳು. ಹೇಳಿ ಕೂತಳು.

ಅವಳ ಮನೆಗೆ ಬಂದ ಮೇಲೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಯಾರು ಹೇಳು ಅಂದ್ರು ನಿನಗೆ? ಬುದ್ಧಿ ಇದೆಯೇನೇ?"

"ನಿನ್ನ ಹೆಸರು ಹಾಳಾಯ್ತಲ್ಲಕ್ಕ."

"ನನ್ನ ಹೆಸರೇನು, ಇವತ್ತು ಹೋಗತ್ತೆ, ನಾಳೆ ಇನ್ನೊಂದು ಕೂಸು ಹುಟ್ಟಿದ್ರೆ ಬರತ್ತೆ. ನಿಂದು ಹೋದ್ರೆ ಬರತ್ತಾ? ಓದಿದೋಳು ನೀನು. ನಿನಗೇ ಗೊತ್ತಿಲ್ಲ ಅಂದ್ರೆ ನಾನು ಇಷ್ಟು ವರ್ಷ ಊರೆಲ್ಲ ಹೇಳ್ಕೊಂಡು ಬಂದಿದ್ದು ಏನು ಮಾರಾಯ್ತಿ?"

ಎಷ್ಟೋ ವರ್ಷ ಆ ಡಿಗ್ರಿ ನನ್ನದು ಎಂದುಕೊಂಡಿದ್ದೆ. ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದೆ ಬೇರೆ. ಅವಳಿಗೆ ಅದು ತನ್ನ ಮನೆಯಲ್ಲಿದ್ದ ಒಂದೇ ಒಡವೆ ಎಂದು ನನಗೆ ಹೊಳೆದಿರಲಿಲ್ಲ. ನಾನು ಸಭೆಯಲ್ಲಿ ನಿಂತು ಅದು ಗಿಲೀಟು ಎಂದು ಹೇಳಿದ್ದೆ.

ಹಾಗೆಂದು ಬಿಡಲು ಸಾಧ್ಯವಿರಲಿಲ್ಲ. ಎರಡು ಪ್ಲಾಸ್ಟಿಕ್ ಟ್ರೇ ಕೊಂಡೆ. ಅಕ್ಕನ ಮನೆಯ ಡಬ್ಬಿಯಲ್ಲಿ ಅದೇ ಬೀಜ ಇನ್ನೊಂದು ಹಿಡಿ ಉಳಿದಿತ್ತು. ಕೇಳಿದರೆ ಕೊಡುವುದಿಲ್ಲವೆಂದು, ಅವಳು ನೀರು ಹಿಡಿಯಲು ಹೋದಾಗ ಕದ್ದೆ. ನೇರ ಲಲಿತಮ್ಮನ ಮನೆಗೆ ಹೋಗಿ, ಅವರ ಕೈಯಿಂದಲೇ ಒಂದು ಟ್ರೇಯಲ್ಲಿ ನನ್ನ ಹಾಗೆ ಮಣ್ಣು ಮುಚ್ಚಿಸಿದೆ, ಇನ್ನೊಂದರಲ್ಲಿ ಅಕ್ಕನ ಹಾಗೆ ಕೆಸರಿನ ಮೇಲೆ ಚೆಲ್ಲಿ ಅಂಗೈಯಲ್ಲಿ ಒತ್ತಿಸಿದೆ. "ನೀವೇ ನೀರು ಚಿಮುಕಿಸಿ, ನೀವೇ ನೋಡಿ, ನಾನು ಬರಲ್ಲ" ಎಂದೆ. ಅವರು ಮದುವೆ ಮನೆಯಲ್ಲಿ ಹುಚ್ಚರನ್ನು ನೋಡುವ ಹಾಗೆ ನನ್ನನ್ನು ನೋಡಿ, ಟ್ರೇಗಳನ್ನು ಜಗಲಿಯ ಮೇಲಿಟ್ಟರು.

ಒಂಬತ್ತನೇ ದಿನ ಲಲಿತಮ್ಮನ ಫೋನು ಬಂತು. "ಮೇಡಂ, ಚೆಲ್ಲಿದ್ದು ಹುಟ್ಟಿದೆ." ಆಮೇಲೆ, "ಇನ್ನೊಂದು ಟ್ರೇ ಹಂಗೇ ಇದೆ" ಎಂದರು.

ಆ ಭಾನುವಾರ ನಾನು ಹೋದಾಗ ಯಾರೂ ಎದ್ದು ನಿಲ್ಲಲಿಲ್ಲ. ಎರಡು ಟ್ರೇಗಳೂ ನಡುವೆ ಇದ್ದವು. ಎಲ್ಲರ ಎದುರು ಲಲಿತಮ್ಮ ಅಕ್ಕನ ಕೈಗೆ ಬೀಗದ ಕೈ ಕೊಟ್ಟು, "ತಪ್ಪು ತಿಳ್ಕೋಬೇಡ ಗಿರಿಜಕ್ಕ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ ಕೇಳಿದರು: "ಕಾಲೇಜು ಮಕ್ಕಳಿಗೂ ಹಿಂಗೇ ಹೇಳ್ಕೊಡ್ತೀರಾ ಮೇಡಂ?"

ನಗೆ ಎದ್ದಿತು. ಕುಂಟೆಬಿಲ್ಲೆಯ ಗೆಳತಿಯರು ಎಲ್ಲರಿಗಿಂತ ಜೋರಾಗಿ ನಕ್ಕರು. "ಅಕ್ಕನ ಹತ್ರ ಟ್ಯೂಷನ್ ಹಾಕಿಸ್ಕೊಳಿ" ಎಂದಳು ಒಬ್ಬಳು. ನಾನೂ ನಕ್ಕೆ. ಹಗುರ ಆಗುತ್ತದೆ ಎಂದುಕೊಂಡಿದ್ದೆ. ನಗದೆ ಕೂತಿದ್ದವಳು ಅಕ್ಕ ಒಬ್ಬಳೇ. ಬೀಗದ ಕೈಯನ್ನು ಸೆರಗಿಗೆ ಕಟ್ಟಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ಲಲಿತಮ್ಮನ ಮೊಮ್ಮಗುವಿಗೆ ನೀರು ಹಾಕುವವಳು ಬದಲಾಗಲಿಲ್ಲ; ನಡುವೆ ಬಿಡಿಸುವುದು ಚೆನ್ನಾಗಿರುವುದಿಲ್ಲವಂತೆ. ಕಾಡಿಗೆ ಮಾತ್ರ ಅಕ್ಕನಿಂದ ತರಿಸಿಕೊಂಡರು. ಪಾತಿಗಳನ್ನು ಒಡೆದು ಕೆಸರು ಮಾಡಿದರು. ಅಕ್ಕ ನನ್ನನ್ನು ಕರೆಯಲಿಲ್ಲ. ನಾನು ಫೋನು ಮಾಡಿದರೆ, "ಹ್ಞೂಂ, ಚೆನ್ನಾಗಿದೀನಿ, ಇಡ್ಲಾ" ಅನ್ನುವಳು. ಒಮ್ಮೆ ಹೋದಾಗ ಹಜಾರದ ಗೋಡೆ ಬೋಳಾಗಿತ್ತು. ನನ್ನ ಫೋಟೋ ಎಲ್ಲಿ ಎಂದು ಕೇಳಿದೆ. "ಸುಣ್ಣ ಹೊಡೆಸ್ಬೇಕು, ತೆಗ್ದಿಟ್ಟೆ" ಎಂದಳು. ಮೊಳೆ ಅಲ್ಲೇ ಇತ್ತು. ಕಾಫಿ ಕೊಟ್ಟಳು. ಎಂದಿನಂತೆ ಸಕ್ಕರೆ ಸರಿಯಾಗಿತ್ತು, ಅದೇ ಹೆಚ್ಚು ನೋವು ಮಾಡಿತು.

ಎರಡು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ, ನಾನು ಲ್ಯಾಬಿನಲ್ಲಿದ್ದಾಗ ಅಕ್ಕನ ಫೋನು ಬಂತು. ದನಿ ಜೋರಾಗಿತ್ತು, ಸ್ವಲ್ಪ ನಾಟಕದ ದನಿ. ಹಿಂದೆ ಬೇರೆ ದನಿಗಳೂ ಕೇಳುತ್ತಿದ್ದವು, ಲಲಿತಮ್ಮನದು, ಸೆಲ್ವಿಯದು. ಸ್ಪೀಕರಿಗೆ ಹಾಕಿದ್ದಾಳೆ ಎಂದು ಗೊತ್ತಾಯಿತು.

"ಕೇಳಿಸ್ತಿದೆಯಾ? ಗಿಡ ಚೆನ್ನಾಗಿ ಬಂದಿತ್ತು. ಈಗ ಒಂದು ಕಡೆ ಕುಡಿ ಕಪ್ಪಾಗಿ ಬಾಗ್ತಿದೆ. ನಾವು ಯಾರೂ ಇಂಥದ್ದು ನೋಡಿಲ್ಲ. ನಾನಂದೆ, ತಡೀರಿ, ನನ್ನ ತಂಗೀನ ಕೇಳೋಣ, ಅವಳಿಗೆ ಗೊತ್ತಿರತ್ತೆ ಅಂತ. ಏನದು, ಹೇಳು."

ಅವಳು ಏನು ಮಾಡುತ್ತಿದ್ದಾಳೆ ಎಂದು ತಿಳಿಯಿತು. ಹನ್ನೆರಡು ಜನರನ್ನು ಸೇರಿಸಿ, ನನಗೊಂದು ಜಾಗ ಮಾಡಿ, ಬಾ ಕೂತುಕೋ ಎನ್ನುತ್ತಿದ್ದಳು. ಶಿಲೀಂಧ್ರ ಎಂಬ ಪದ ನಾಲಿಗೆಯ ತುದಿಯಲ್ಲಿತ್ತು. ಕಪ್ಪಾದದ್ದಕ್ಕೆಲ್ಲ ಅದನ್ನು ಹೇಳಬಹುದು, ಮುಕ್ಕಾಲು ಪಾಲು ಸರಿಯೂ ಆಗುತ್ತದೆ. ಕೇಳಲು ಗಂಭೀರವಾಗಿಯೂ ಇರುತ್ತದೆ. ಆ ಒಂದು ಪದ ಸಾಕಿತ್ತು, ಅಕ್ಕ ಸುತ್ತಲಿನವರ ಕಡೆ ತಿರುಗಿ, ನೋಡಿದ್ರಾ ಎನ್ನಲು.

"ಗೊತ್ತಿಲ್ಲ ಅಕ್ಕ" ಎಂದೆ.

ಫೋನನ್ನು ಕಿವಿಗೆ ಒತ್ತಿಕೊಂಡು ಮುಂದುವರಿಸಿದೆ.

"ನೋಡ್ದೆ ಹೇಳಕ್ಕಾಗಲ್ಲ. ಎರಡು ಕುಡಿ ಕಿತ್ತು ಸೆಲ್ವಿ ಕೈಲಿ ಕಳ್ಸು. ನೋಡಿ, ಓದಿ, ಗೊತ್ತಿರೋರನ್ನ ಕೇಳಿ ಹೇಳ್ತೀನಿ. ಆಗ್ಲೂ ಗೊತ್ತಾಗ್ದಿದ್ರೆ, ಇಲ್ಲ ಅಂತ ಹೇಳ್ತೀನಿ."

ಯಾರೋ ಕಿಸಕ್ಕನೆ ನಕ್ಕರು. ಲಲಿತಮ್ಮನೇ ಇರಬೇಕು. ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಅಕ್ಕ ಫೋನಿನಿಂದ ಮುಖ ಆಚೆ ತಿರುಗಿಸಿ ಅಲ್ಲಿದ್ದವರಿಗೆ ಹೇಳಿದ್ದು ದೂರದಿಂದ ಕೇಳಿಸಿತು.

"ನಗೋದೇನಿದೆ ಅದ್ರಲ್ಲಿ? ನೋಡಿ ಹೇಳ್ತಾಳಂತೆ. ಸೆಲ್ವಿ, ಒಂದು ಕವರ್ ತಗೊಂಬಾ."